ಆರ್ಥರನ ಕಾಲು, ಅಕ್ಕನ ಬೆನ್ನು

ಮಳವಳ್ಳಿಯಿಂದ

ಇಂಗ್ಲೆಂಡಿಗೆ ಹೋಗಿ ಬಂದವನೆಂದು ತಿಳಿದರೆ ನಮ್ಮ ಕಡೆಯವರು ಮೊದಲು ಕೇಳುವುದು, "ರಾಣಿ ನೋಡುದ್ರಾ ಮೇಷ್ಟ್ರೇ?" ಎಂದು. ನೋಡಲಿಲ್ಲ. ನಾನಿದ್ದದ್ದು ಲಂಡನ್ನಿನಿಂದ ರೈಲಿನಲ್ಲಿ ಐದು ಗಂಟೆ ಉತ್ತರಕ್ಕೆ ಹೋದರೆ ಸಿಗುವ, ಹೊಗೆ ಹಿಡಿದ ಇಟ್ಟಿಗೆ ಮನೆಗಳ ಒಂದು ಊರಿನಲ್ಲಿ. ಆರು ತಿಂಗಳಲ್ಲಿ ಆ ಊರು ಬಿಟ್ಟು ಬೇರೆಲ್ಲಿಗೂ ಹೋಗಲಿಲ್ಲ. ಅಲ್ಲಿ ಹೆಚ್ಚಾಗಿ ನೋಡಿದ್ದು ಕಾಯಿಲೆ ಮನುಷ್ಯರ ಅಂಗಾಲುಗಳನ್ನು. ಆದ್ದರಿಂದ ಸೇತುವೆ, ಅರಮನೆ, ಗಡಿಯಾರದ ಗೋಪುರಗಳ ಆಸೆ ಇಟ್ಟುಕೊಂಡು ಇದನ್ನು ಓದಬೇಡಿ.

ನಾನು ಮಳವಳ್ಳಿ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಹೆಸರು ಪುಟ್ಟಸ್ವಾಮಿ. ಹುಟ್ಟಿದ್ದು ಚಿಕ್ಕರಸಿನಕೆರೆಯ ಬೇಸಾಯದ ಮನೆಯಲ್ಲಿ. ನೌಕರಿ ಸಿಗುವವರೆಗೂ ಊರ ಗರಡಿಯಲ್ಲಿ ಕುಸ್ತಿ ಮಾಡಿಕೊಂಡಿದ್ದೆ. ಎಪ್ಪತ್ತರ ದಶಕದ ಮೊದಮೊದಲಿಗೆ ವ್ಯಾಯಾಮದ ಶಿಕ್ಷಕರನ್ನು ಹೊರದೇಶಕ್ಕೆ ತರಬೇತಿಗೆ ಕಳಿಸುವ ಒಂದು ಯೋಜನೆ ಬಂತು. ಹೆಡ್‌ಮಾಸ್ಟರು ಬಲವಂತವಾಗಿ ಅರ್ಜಿ ಹಾಕಿಸಿದರು. ಪಟ್ಟಿಯಲ್ಲಿ ನನ್ನ ಹೆಸರು ನೋಡಿ ನನಗಿಂತ ಹೆಚ್ಚು ಗಾಬರಿಯಾದವರು ಅವರೇ.

ಹೆಂಡತಿ ಜಯಮ್ಮ ಸೂಟುಕೇಸಿಗೆ ಚಟ್ನಿಪುಡಿ, ಹುರಿಟ್ಟು ತುಂಬುತ್ತಾ, "ಬಾಯಿ ಮುಚ್ಕಂಡು ಒಂದ್ಗಳಿಗೆ ಕೂರ್ನಾರ್ರಿ. ಆರ್ ತಿಂಗ್ಳು ಎಂಗಿರ್ತೀರಿ ಅಲ್ಲಿ?" ಎಂದಳು. ನಗುತ್ತಲೇ ಅಂದಳು. ನಾನೂ ನಕ್ಕೆ.

ಬಾಡಿಗೆ ಕೋಣೆ

ಮನೆಯೊಡತಿ ಗಂಡ ಸತ್ತ ಹೆಂಗಸು. ಅರವತ್ತು ದಾಟಿದ್ದಿರಬೇಕು. ಮೇಲಿನ ಕೋಣೆ ನನಗೆ, ಕೆಳಗೆ ಅವರು. ಸ್ನಾನ ವಾರಕ್ಕೆ ಎರಡು ಸಲ ಎಂದು ಮೊದಲ ದಿನವೇ ಹೇಳಿದರು. ಭಾನುವಾರ ನಾನು ಜಯಮ್ಮ ಕಳಿಸಿದ್ದ ಹರಳೆಣ್ಣೆ ಹಚ್ಚಿಕೊಂಡು, ತೊಟ್ಟಿಯ ಹೊರಗೆ ನಿಂತು, ತೊಟ್ಟಿಯಿಂದ ಚೊಂಬಿನಲ್ಲಿ ಮೊಗೆದು ಮೊಗೆದು ಹುಯ್ದುಕೊಂಡೆ. ನಮ್ಮ ಬಚ್ಚಲಿನಂತೆ ಅಲ್ಲಿ ನೀರು ಹೋಗಲು ತೂಬು ಇರುವುದಿಲ್ಲವೆಂದು ನನಗೇನು ಗೊತ್ತು? ನೀರು ಮಹಡಿಯ ನೆಲದ ಹಲಗೆಗಳ ಸಂದಿಯಿಂದ ಇಳಿದು, ಅವರು ಕೂತು ಹೆಣೆಯುತ್ತಿದ್ದ ಕುರ್ಚಿಯ ಮೇಲೇ ತೊಟ್ಟಿಕ್ಕಿತು. ಎಣ್ಣೆ ನೀರು.

ನಮ್ಮಲ್ಲಾಗಿದ್ದರೆ ಬೀದಿಗೆಲ್ಲ ಕೇಳುವಂತೆ ಒಂದು ಜಗಳ ಆಗಿ, ಸಂಜೆಯ ಹೊತ್ತಿಗೆ ಕಾಫಿ ಕುಡಿಯುವಷ್ಟು ಸರಿಹೋಗಿರುತ್ತಿತ್ತು. ಆಕೆ ಒಂದು ಮಾತೂ ಆಡಲಿಲ್ಲ. ಮರುದಿನ ಬಚ್ಚಲ ಬಾಗಿಲಿಗೆ ಒಂದು ಚೀಟಿ ಅಂಟಿತ್ತು: "ದಯವಿಟ್ಟು ಸ್ನಾನವನ್ನು ತೊಟ್ಟಿಯ ಒಳಗೆ ಮಾಡಿ." ಅಲ್ಲಿಂದ ಮುಂದೆ ನಮ್ಮಿಬ್ಬರ ವ್ಯವಹಾರವೆಲ್ಲ ಚೀಟಿಯಲ್ಲೇ ನಡೆಯಿತು. ಕಿಟಕಿ ಮುಚ್ಚಿ. ಧನ್ಯವಾದ. ಬೂಟು ಹೊರಗೆ ಬಿಡಿ. ಧನ್ಯವಾದ. ಒಂದೇ ಸೂರಿನ ಕೆಳಗೆ ಇಬ್ಬರು ಒಂಟಿ ಮನುಷ್ಯರು, ಮಧ್ಯೆ ಅಂಗೈ ಅಗಲದ ಕಾಗದ.

ಬಸ್ಸಿನಲ್ಲೂ ಅಷ್ಟೇ. ನಮ್ಮ ಮಂಡ್ಯದ ಬಸ್ಸು ಹತ್ತಿ ಕೂತವನಿಗೆ ಮದ್ದೂರು ಬರುವಷ್ಟರಲ್ಲಿ ಪಕ್ಕದವನ ಊರು, ಕುಲ, ಮಕ್ಕಳೆಷ್ಟು, ಮಾವ ಕೊಟ್ಟ ಎತ್ತು ಕುಂಟಿದ್ದು, ಎಲ್ಲ ಗೊತ್ತಾಗಿರುತ್ತದೆ. ಅಲ್ಲಿ ಇಡೀ ಬಸ್ಸು ಹೆಣದ ಮನೆಯಂತೆ ಕೂತಿರುತ್ತಿತ್ತು. ಕಾಲೇಜಿನಲ್ಲಿ ನನ್ನ ಜೊತೆ ಕಲಿಯುತ್ತಿದ್ದವರು ಬೇರೆ ಬೇರೆ ದೇಶದವರು. ಒಳ್ಳೆಯವರೇ, ಆದರೆ ಪಾಠ ಮುಗಿದ ಕೂಡಲೇ ಅವರವರ ಭಾಷೆಯವರ ಜೊತೆ ಹೊರಟುಹೋಗುತ್ತಿದ್ದರು. ನನ್ನ ಭಾಷೆಯವನು ನಾನೊಬ್ಬನೇ. ಕೋಣೆಗೆ ಬೀಗ ಹಾಕುವಾಗ ಒಳಗೆ ಯಾರೂ ಇಲ್ಲದಿದ್ದರೂ "ಬತ್ತೀನಿ" ಅನ್ನುವ ಅಭ್ಯಾಸ ಬೆಳೆಯಿತು. ಏಳು ವಾರ ನಾನು ಬಾಯಿಬಿಟ್ಟು ಆಡಿದ ಕನ್ನಡ ಅದೊಂದೇ ಮಾತು.

ಗುಡ್ಡದ ಮೇಲಿನ ಮನೆ

ಕಾಲೇಜಿನ ಗೋಡೆಯ ಮೇಲೆ ಒಂದು ದಿನ ಪ್ರಕಟಣೆ ಕಂಡಿತು. ಗುಡ್ಡದ ಮೇಲೆ ಕ್ಯಾನ್ಸರ್ ರೋಗಿಗಳ ಮನೆಯೊಂದಿದೆ, ಶನಿವಾರ ಮಧ್ಯಾಹ್ನ ಅವರಿಗೆ ಪತ್ರಿಕೆ ಓದಿ ಹೇಳಲು ಜನ ಬೇಕು ಎಂದು. ದಯೆಯಿಂದ ಹೋದೆ ಎಂದು ಬರೆದರೆ ಸುಳ್ಳಾದೀತು. ಶನಿವಾರ ಮಧ್ಯಾಹ್ನ ಆ ಕೋಣೆಯಲ್ಲಿ ಕೂರಲಾರದೆ ಹೋದೆ.

ಇನ್ನು ಔಷಧಿಯಿಂದ ವಾಸಿಯಾಗುವುದಿಲ್ಲ ಎಂದಾದವರು ಅಲ್ಲಿದ್ದರು. ನಮ್ಮಲ್ಲಿ ಆ ಕಾಯಿಲೆಯ ಹೆಸರನ್ನೇ ಬಾಯಲ್ಲಿ ಆಡುವುದಿಲ್ಲ. ಆಗಬಾರದ್ದು ಆಗಿದೆ ಅನ್ನುತ್ತೇವೆ. ಅಲ್ಲೂ ಬಂದುಹೋಗುವವರು ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಮೇಲ್ವಿಚಾರಣೆ ನೋಡುತ್ತಿದ್ದ ಹಿರಿಯ ನರ್ಸ್ ನನ್ನನ್ನು ಕಿಟಕಿ ಪಕ್ಕದ ಮಂಚಕ್ಕೆ ಕರೆದೊಯ್ದು, "ಇವರು ಆರ್ಥರ್. ಇವರನ್ನು ನೋಡಲು ಯಾರೂ ಬರುವುದಿಲ್ಲ" ಎಂದರು. ಅವನ ಎದುರಿಗೇ.

ಆರ್ಥರ್ ಮೂವತ್ತು ವರ್ಷ ರೈಲ್ವೆ ಸಿಗ್ನಲ್ ಕೊಠಡಿಯಲ್ಲಿ ಒಬ್ಬನೇ ಕೂತು ಕೈಮರ ಎಳೆದವನು. ಹೆಂಡತಿ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿತ್ತು. ನಾನು ಪತ್ರಿಕೆ ಬಿಡಿಸಿ ಫುಟ್‌ಬಾಲ್ ಸುದ್ದಿ ಓದತೊಡಗಿದೆ. ನಾಲ್ಕು ಸಾಲು ಆಗುವಷ್ಟರಲ್ಲಿ ಅವನಿಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಾಗಿ, ಕೆಮ್ಮು ನೋವಾಗಿ, "ಸಾಕಪ್ಪ, ನಿನ್ನ ಓದೇ ನನ್ನನ್ನು ಮುಗಿಸುತ್ತೆ" ಎಂದ. ಅವನ ಇಂಗ್ಲಿಷೋ, ಕಾಲೇಜಿನಲ್ಲಿ ಕೇಳಿದ್ದೇ ಅಲ್ಲ. ಮಾತಿನ ಮೊದಲಿಗೆ ಬರುವ ಹಕಾರವನ್ನೆಲ್ಲ ನುಂಗುತ್ತಿದ್ದ. ಹೌಸ್ ಎನ್ನಲು ಔಸ್, ಹ್ಯಾಂಡ್ ಎನ್ನಲು ಆ್ಯಂಡ್. ಹಳ್ಳಿಯನ್ನು ಅಳ್ಳಿ, ಹಾಲನ್ನು ಆಲು ಅನ್ನುವ ಊರಿನವನಿಗೆ ಇದನ್ನು ಕೇಳಿ ಏನಾಗಿರಬೇಡ! ಅಷ್ಟು ದಿನದಲ್ಲಿ ಮೊದಲ ಸಲ ನಮ್ಮವರು ಯಾರೋ ಸಿಕ್ಕಿದಂತಾಯಿತು.

ಕಾಲು ಸೆಳೆತ ಎಂದು ನರಳಿದ. ಯೋಚಿಸುವ ಮೊದಲೇ ನನ್ನ ಕೈ ಹೊದಿಕೆಯೊಳಗೆ ಹೋಗಿತ್ತು. ಗರಡಿಯಲ್ಲಿ ಸೋತು ಬಿದ್ದವನ ಮೀನಖಂಡ ಹಿಸುಕುವಂತೆ ಎರಡು ಹೆಬ್ಬೆರಳೂರಿ ಒಂದು ಸಲ ಎಳೆದೆ. ಅವನು ಕೂಗಿದ ಕೂಗಿಗೆ ಹಿರಿಯ ನರ್ಸ್ ಓಡಿಬಂದರು.

"ಏನು ಮಾಡಿದಿರಿ ನೀವು?"

ನನಗೆ ಇಂಗ್ಲಿಷೇ ಮರೆತುಹೋಯಿತು. ಎದ್ದು ನಿಂತು ಕೈ ನೋಡಿಕೊಂಡೆ. ಇನ್ನು ಮೇಲೆ ಬರಬೇಡ ಅನ್ನುತ್ತಾರೆ ಎಂದುಕೊಂಡೆ. ಆಗ ಮಂಚದಿಂದ ಆರ್ಥರ್, "ಬಿಡಿ ಸಿಸ್ಟರ್. ಜ್ವರ ನೋಡಲು ಬಿಟ್ಟು ಬೇರೆ ಯಾವುದಕ್ಕೂ ನನ್ನನ್ನು ಯಾರೂ ಮುಟ್ಟಿ ಎಷ್ಟೋ ಕಾಲ ಆಗಿತ್ತು" ಎಂದ.

ಔಷಧಿ ಅಂಗಡಿ

ಹಿರಿಯ ನರ್ಸ್ ಡಾಕ್ಟರನ್ನು ಕೇಳಿದರು. ಮುಂದಿನ ಶನಿವಾರ ನನ್ನನ್ನು ಕೂರಿಸಿಕೊಂಡು ತಮ್ಮ ಮುಂಗೈ ಚಾಚಿ, "ಅಮುಕಿ" ಎಂದರು. ಅಮುಕಿದೆ. "ಇದರಲ್ಲಿ ಅರ್ಧ" ಎಂದರು. ಅರ್ಧ ಮಾಡಿದೆ. "ಇದರಲ್ಲೂ ಅರ್ಧ." ಗಂಟು ಇರುವ ಕಡೆ ಮುಟ್ಟಕೂಡದು, ಬೆನ್ನುಮೂಳೆಯ ಮೇಲೆ ಭಾರ ಬಿಡಕೂಡದು, ಊದಿದ ಕಡೆ ಹಿಸುಕಕೂಡದು, ಹೆಬ್ಬೆರಳು ಊರಲೇಕೂಡದು. ಬರೀ ಅಂಗೈ, ಬರೀ ಸವರುವುದು. ಹೆಣ್ಣು ಕರುವಿನ ಮೈ ಸವರುತ್ತೇವಲ್ಲ, ಅಷ್ಟು. ಜಟ್ಟಿಗಳ ಮೂಳೆ ಲಟಲಟ ಅನ್ನಿಸಿದ ಕೈಗೆ ಅದು ಬಹಳ ಕಷ್ಟದ ಪಾಠ. ಕೋಣೆಯಲ್ಲಿ ದಿಂಬಿನ ಮೇಲೆ ಅಭ್ಯಾಸ ಮಾಡಿದೆ.

ಹರಳೆಣ್ಣೆ ಮುಗಿದಿತ್ತು. ದಿನಸಿ ಅಂಗಡಿಯಲ್ಲಿ ಮೈಗೆ ಹಚ್ಚುವ ಎಣ್ಣೆ ಕೇಳಿದರೆ ಹಂದಿಯ ಕೊಬ್ಬು ತೋರಿಸಿದರು. ಕೊನೆಗೆ ಯಾರೋ ಆಲಿವ್ ಎಣ್ಣೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ ಎಂದರು. ಹೋಗಿ ಕೇಳಿದೆ. ಅಂಗಡಿಯವನು ಹೆಬ್ಬೆರಳುದ್ದದ ಒಂದು ಸೀಸೆ ಇಟ್ಟು, ಬಲು ಕನಿಕರದಿಂದ, "ಯಾವ ಕಿವಿ?" ಎಂದು ಕೇಳಿದ. ಆ ಊರಿನಲ್ಲಿ ಅದು ಕಿವಿಗೆ ಬಿಡುವ ಔಷಧಿ! ನಾನು ಆರು ಸೀಸೆ ಬೇಕೆಂದೆ. ಅವನು ನನ್ನ ತಲೆಯ ಎರಡೂ ಪಕ್ಕ ನೋಡಿ ಕಟ್ಟಿಕೊಟ್ಟ.

ಹೀಗೆ ಶನಿವಾರ ಮಾತ್ರ ಹೋಗುತ್ತಿದ್ದವನು ಬುಧವಾರವೂ ಹೋಗತೊಡಗಿದೆ. ಆರ್ಥರನಲ್ಲದೆ ಇನ್ನೂ ಮೂರು ನಾಲ್ಕು ಜನ ಗಂಡಸರು ಕಾಲು ಚಾಚಿದರು. ಹೆಚ್ಚಿಗೆ ಏನೂ ಇಲ್ಲ, ಪಾದ, ಕೈ, ಭುಜ. ಕೆಲವರು ಅಳುತ್ತಿದ್ದರು, ನೋವಿಗಲ್ಲ. ಆಗ ಚಹದ ಗಾಡಿ ತಳ್ಳುವ ಡೋರಿಸ್ ಎಂಬ ದಪ್ಪನೆಯ ಹೆಂಗಸು, ಅವಳೂ ಸಂಬಳವಿಲ್ಲದೆ ಬರುತ್ತಿದ್ದವಳು, ಗಾಡಿ ನಿಲ್ಲಿಸಿಕೊಂಡು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದಳು.

ಕರೆಂಟು ಹೋದ ಶನಿವಾರ

ಆ ಚಳಿಗಾಲದಲ್ಲಿ ಕಲ್ಲಿದ್ದಲ ಗಣಿಯವರು ಮುಷ್ಕರ ಹೂಡಿದರು. ಕರೆಂಟು ಸರದಿಯ ಮೇಲೆ ಹೋಗುತ್ತಿತ್ತು. ಅಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಇಂಗ್ಲಿಷಿನವರು ಮೋಂಬತ್ತಿ ಹುಡುಕುತ್ತಾ ಪರದಾಡುವುದನ್ನು ನೋಡಿ, ತಪ್ಪೆಂದು ತಿಳಿದರೂ, ಒಳಗೊಳಗೇ ಸ್ವಲ್ಪ ಸಂತೋಷವಾಯಿತು. ನಮ್ಮ ಮಳವಳ್ಳಿ ಪಕ್ಕದ ಬ್ಲಫ್ ಎಂಬಲ್ಲಿ ಕಾವೇರಿ ಬಿದ್ದು ಕರೆಂಟು ಹುಟ್ಟುತ್ತದೆ, ಅಲ್ಲಿಂದ ಕೂಗಳತೆಯ ಹಳ್ಳಿಗಳಲ್ಲಿ ಬುಡ್ಡಿ ದೀಪ ಉರಿಯುತ್ತದೆ ಎಂದು ಆರ್ಥರನಿಗೆ ಹೇಳಿದೆ.

"ನಿನ್ನ ಭಾಷೆಯಲ್ಲಿ ಹೇಳು" ಎಂದ ಅವನು, ಕತ್ತಲಲ್ಲಿ.

"ನಿನಗೆ ತಿಳಿಯುವುದಿಲ್ಲವಲ್ಲ."

"ಸಿಗ್ನಲ್ ಕೊಠಡಿಯಲ್ಲಿ ಮೂವತ್ತು ವರ್ಷ ತಂತಿಯ ಗುನುಗು ಕೇಳಿದೆ. ಅದೂ ತಿಳಿಯುತ್ತಿರಲಿಲ್ಲ. ಹೇಳು."

ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ. ಅಂಗಾಲು ಸವರುತ್ತಾ, "ಯಾಕಣ್ಣ, ಕಾಲು ಇಷ್ಟೊಂದು ತಣ್ಣಗಾಗ್ಬುಟ್ಟದೆ? ಒಸಿ ತಡ್ಕೊ, ಬೆಚ್ಚಗಾಯ್ತದೆ" ಎಂದೆ. ಅಷ್ಟು ಆಡಿದ್ದೇ ತಡ, ಕಟ್ಟೆ ಒಡೆದಂತೆ ಬಂತು. ಗದ್ದೆ, ನಾಲೆ, ಶಾಲೆಯ ಮೈದಾನದಲ್ಲಿ ಬಿಸಿಲಿಗೆ ತಲೆಸುತ್ತಿ ಬೀಳುವ ಹುಡುಗರು, ಜಯಮ್ಮ ಮಾಡುವ ಉಪ್ಸಾರು. ಎಷ್ಟು ಹೊತ್ತು ಆಡಿದೆನೋ. ದೀಪ ಬಂದಾಗ ಆರ್ಥರ್ ನಿದ್ದೆ ಹೋಗಿದ್ದ. ಪಕ್ಕದ ಮಂಚದವನು ಮಾತ್ರ ಕಣ್ಣು ಬಿಟ್ಟುಕೊಂಡು, "ಆಮೇಲೇನಾಯಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಜಯಮ್ಮನ ಕಾಗದ

ನಾಲ್ಕನೆಯ ತಿಂಗಳ ಕೊನೆಗೆ ಜಯಮ್ಮನ ಕಾಗದ ಬಂತು. ಅವಳು ಮಾತಾಡಿದಂತೆಯೇ ಬರೆಯುವವಳು.

"ನಿಂಗಕ್ಕುನ್ನ ಬೆಂಗಳೂರಿನ್ ದೊಡ್ಡಾಸ್ಪತ್ರೆಗೆ ತೋರ್ಸಿದ್ರು. ಎದೆ ಗಂಟು ಅದೇ ಕಾಯ್ಲೆ ಅಂತೆ. ತಡ ಆಗೋಗದೆ, ಮನೆಗೆ ಕರ್ಕೊಂಡೋಗಿ ಅಂದ್ಬುಟ್ರಂತೆ. ಬೆನ್ನು ನೋವು ತಡೀನಾರ್ರು. ಸೊಸೆ ಭಾಗ್ಯ ತಟ್ಟೆ ಲೋಟ ಬ್ಯಾರೆ ಮಾಡವ್ಳೆ. ಅಂಟ್ಕತ್ತದೆ ಅಂತ ಯಾರೋ ಯೋಳವ್ರೆ. ನೀವು ಕೊರಗ್ಬ್ಯಾಡಿ."

ನಿಂಗಮ್ಮ ನನ್ನ ಒಬ್ಬಳೇ ಅಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಆಮೇಲೆ ನಿಡಘಟ್ಟಕ್ಕೆ ಮದುವೆಯಾಗಿ ಹೋದವಳು. ಪ್ರಿನ್ಸಿಪಾಲರ ಹತ್ತಿರ ಹೋಗಿ ಊರಿಗೆ ಕಳಿಸಿ ಎಂದು ಕೇಳಿಕೊಂಡೆ. ಅವರು ಕಡತ ತೆಗೆದು, ಬಹಳ ಮರ್ಯಾದೆಯಿಂದ, ಟಿಕೆಟ್ಟು ತರಬೇತಿ ಮುಗಿದ ಮೇಲಿನದು, ಅದನ್ನು ಬದಲಿಸುವ ಅಧಿಕಾರ ತಮಗಿಲ್ಲ ಎಂದರು. ಇನ್ನೂ ಏಳು ವಾರ ಇತ್ತು. ಮನೆಗೆ ಬಂದರೆ ಬಾಗಿಲಿಗೆ ಚೀಟಿ: "ಬೂಟಿನ ಕೆಸರು. ಧನ್ಯವಾದ." ಮೆಟ್ಟಿಲ ಮೇಲೆ ಕೂತು ಕೆಸರು ಕೆರೆಯುತ್ತಾ ಅತ್ತೆ. ಮನೆಯೊಡತಿ ಅಡಿಗೆಮನೆಯಿಂದ ಇಣುಕಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕೆಳಮೆಟ್ಟಿಲ ಮೇಲೆ ಒಂದು ಲೋಟ ಚಹ ಇತ್ತು. ಚೀಟಿ ಇರಲಿಲ್ಲ.

ಶನಿವಾರ ಆರ್ಥರನ ಕಾಲು ಹಿಡಿದಾಗ ಅವನಂದ, "ಇವತ್ತು ನಿನ್ನ ಕೈ ಇಲ್ಲಿಲ್ಲ." ಹೇಳಿದೆ. ಅವನು ಹೊದಿಕೆ ಸರಿಸಿ ಇನ್ನೊಂದು ಕಾಲನ್ನೂ ಚಾಚಿದ.

"ಏಳು ವಾರ ತಾನೆ? ಅಷ್ಟರಲ್ಲಿ ನಿನಗೆ ಸರಿಯಾಗಿ ಕಲಿಸುತ್ತೇನೆ. ಇವರು ನಿನಗೆ ಹೇಳಿಕೊಟ್ಟದ್ದೆಲ್ಲ ಆರೋಗ್ಯವಾಗಿರುವವರು ಹೇಳಿಕೊಟ್ಟದ್ದು."

ಅಂದಿನಿಂದ ಅವನು ರೋಗಿಯಾಗಿರಲಿಲ್ಲ, ನನ್ನ ಉಸ್ತಾದನಾಗಿದ್ದ. ನೋಯುತ್ತದೆಯಾ ಎಂದು ಕೇಳಬೇಡ, ನಿನ್ನಕ್ಕ ಇಲ್ಲ ಅಂತಾಳೆ ಎಂದ. ಸ್ವಂತದವರಿಗೆ ಯಾರೂ ನಿಜ ಹೇಳುವುದಿಲ್ಲ, ನಾನು ಹೊರಗಿನವನು, ಆದ್ದರಿಂದ ಹೇಳುತ್ತೇನೆ ಎಂದ. ಮುಖ ನೋಡಬೇಡ, ಕಾಲ್ಬೆರಳು ನೋಡು. ಮುಖ ನಗುತ್ತಿರುವಾಗಲೂ ಬೆರಳು ಮುದುಡುತ್ತವೆ. ಶುರು ಮಾಡುವಾಗ ತಟ್ಟನೆ ಕೈ ಇಡಬೇಡ. ಮುಗಿಸುವಾಗ ತಟ್ಟನೆ ತೆಗೆಯಬೇಡ, ತೆಗೆದ ಮೇಲಿನ ತಣ್ಣಗೆ ಇದೆಯಲ್ಲ, ಅದು ನೋವಿಗಿಂತ ಕೆಟ್ಟದ್ದು. ಕೊನೆಯ ಈ ಮಾತನ್ನು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ.

ಒಂದೊಂದು ದಿನ ಅವನಿಗೆ ಮಾತಾಡಲೂ ಆಗುತ್ತಿರಲಿಲ್ಲ. ಆಗ ಸರಿಯಿದ್ದರೆ ಒಂದು ಬೆರಳು, ತಪ್ಪಿದರೆ ಎರಡು ಬೆರಳು ಎತ್ತುತ್ತಿದ್ದ. ಕೊನೆಕೊನೆಗೆ ಒಂದೇ ಎತ್ತುತ್ತಿದ್ದ.

ಕೊನೆಯ ಶನಿವಾರ

ಹೊರಡುವ ಹಿಂದಿನ ದಿನ ಹೋದೆ. ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಆರ್ಥರ್ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದ. ಕಾಲು ಸವರಿ ಮುಗಿಸಿ, ಕೈಯನ್ನು ನಿಧಾನವಾಗಿ ತೆಗೆದೆ. ಪತ್ರಿಕೆ ಇಳಿಯಲಿಲ್ಲ. ತಲೆಕೆಳಗಾಗಿ ಹಿಡಿದಿದ್ದನೋ ಏನೋ, ನಾನು ನೋಡಲಿಲ್ಲ.

"ಬಾಗಿಲು ಹಾಕಿಕೊಂಡು ಹೋಗು. ಗಾಳಿ ಬರುತ್ತೆ" ಎಂದ.

ಬಾಯಿಪಾಠ ಹಾಗೇ ಉಳಿಯಿತು. ಬಾಗಿಲು ಹಾಕಿಕೊಂಡು ಬಂದೆ.

ನಿಡಘಟ್ಟ

ಬೊಂಬಾಯಿಯಲ್ಲಿ ಇಳಿದು ರೈಲು ಹಿಡಿದು, ಬೆಂಗಳೂರಿನಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಮುದುಕ ರಾಮನಗರ ದಾಟುವಷ್ಟರಲ್ಲಿ, "ಯಾವೂರಾಯ್ತು? ಯಾಕಿಂಗೆ ಬೆಳ್ಳಗಾಗಿದ್ದೀರಿ, ಕಾಯ್ಲೆನಾ?" ಎಂದ. ತಬ್ಬಿಕೊಳ್ಳುವಂತಾಯಿತು. ಮದ್ದೂರಿಗೆ ಟಿಕೆಟ್ಟು ತೆಗೆದವನು ನಿಡಘಟ್ಟದಲ್ಲೇ ಸೂಟುಕೇಸು ಇಳಿಸಿಕೊಂಡೆ.

ಅಕ್ಕ ಹಿಂದಿನ ಕೋಣೆಯಲ್ಲಿದ್ದಳು. ಹೊಸ್ತಿಲ ಪಕ್ಕ ಬೇರೆ ತಟ್ಟೆ, ಬೇರೆ ಲೋಟ. ಎಷ್ಟು ಸಣ್ಣಗಾಗಿದ್ದಳೆಂದರೆ ಚಾಪೆಯ ಮೇಲೆ ಯಾರೋ ಸೀರೆ ಬಿಚ್ಚಿಟ್ಟಂತಿತ್ತು.

"ಬಂದಾ ಪುಟ್ಟ? ಏನ್ಲಾ ಅದು ಕ್ವಾಟು, ಸಾಹೇಬ್ನಂಗೆ?"

ಕೋಟು ತೆಗೆದು ಕೂತೆ. ಕಾಲೇಜಿನ ಸರ್ಟಿಫಿಕೇಟು ತೋರಿಸು ಎಂದಳು, ತೋರಿಸಿದೆ. ಆಮೇಲೆ ಹರಳೆಣ್ಣೆ ಬಿಸಿ ಮಾಡಿ ತರಲು ಭಾಗ್ಯನಿಗೆ ಹೇಳಿದೆ. ಭಾಗ್ಯ ಅಕ್ಕನ ಸೊಸೆ, ಇಪ್ಪತ್ತು ದಾಟದ ಹುಡುಗಿ, ಕಂಕುಳಲ್ಲಿ ಎಳೆಗೂಸು. ಬಟ್ಟಲನ್ನು ಹೊಸ್ತಿಲ ಹೊರಗಿಟ್ಟು ಸರಿದು ನಿಂತಳು. ಅವಳನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಸಿಟ್ಟು ಕಟ್ಟಿಕೊಂಡು ಬಂದಿದ್ದೆ. ಆ ಕೂಸನ್ನು ಅವುಚಿಕೊಂಡ ಕೈ ನೋಡಿ ಆಗಲಿಲ್ಲ. "ಇದು ಅಂಟೋ ಕಾಯ್ಲೆ ಅಲ್ಲ ಕಣಮ್ಮ" ಎಂದೆ ಅಷ್ಟೇ. ಅವಳು ಬಾಗಿಲ ಮರೆಗೆ ಸರಿದಳು.

ಅಕ್ಕನನ್ನು ಮಗ್ಗುಲಿಗೆ ಮಲಗಿಸಿ ಭುಜ, ಬೆನ್ನಿನ ಪಕ್ಕ, ಪಾದ ಸವರಿದೆ. ನೋವಾಯಿತಾ ಎಂದು ಕೇಳಲಿಲ್ಲ. ಕಾಲ್ಬೆರಳು ನೋಡುತ್ತಿದ್ದೆ. ಮೊದಲು ಮುದುಡಿಕೊಂಡಿದ್ದವು ಒಂದೊಂದಾಗಿ ಬಿಚ್ಚಿಕೊಂಡವು.

ಶಾಲೆ ಮುಗಿಸಿ ವಾರಕ್ಕೆ ಮೂರು ದಿನ ಮಳವಳ್ಳಿಯಿಂದ ಮದ್ದೂರಿಗೆ, ಅಲ್ಲಿಂದ ನಿಡಘಟ್ಟಕ್ಕೆ ಬರುತ್ತಿದ್ದೆ. ಅವಳು ಆ ದೇಶದ ಕಥೆ ಕೇಳುತ್ತಿದ್ದಳು. ಎಣ್ಣೆ ನೀರು ಕುರ್ಚಿಗೆ ಬಿದ್ದದ್ದನ್ನು ಮೂರು ಸಲ ಹೇಳಿಸಿದಳು. ಒಂದು ದಿನ ಆರ್ಥರನ ವಿಚಾರ ಪೂರ್ತಿ ಹೇಳಿದೆ. ಕೇಳಿ, "ನೀನು ಬಂದ್ಬುಟ್ಟೆ. ಈಗ ಅವನ್ ಕಾಲ ಯಾರ್ಲಾ ಅಮುಕ್ತಾರೆ?" ಎಂದಳು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

"ಗೊತ್ತಿಲ್ಲ ಕಣಕ್ಕ."

"ಗೊತ್ತಿಲ್ಲ ಅಂದ್ರೆ? ಅಷ್ಟ್ ದಿನ ಯೋಳ್ಕೊಟ್ಟವ್ನೆ ಮನ್ಸ. ಕಾಗ್ದ ಬರ್ದು ಕೇಳ್ಲಾ."

ಅಂದೇ ಬರೆದು ಹಾಕಿದೆ. ಉತ್ತರ ಬಂತೇ ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಮೂರನೆಯ ವಾರದಲ್ಲಿ ಕೇಳುವುದನ್ನು ನಿಲ್ಲಿಸಿದಳು, ಊಟವನ್ನೂ ನಿಲ್ಲಿಸಿದಳು. ಒಂದು ಗುರುವಾರ ಬೆಳಿಗ್ಗೆ ಹೋದಳು. ನಾನು ಹಿಂದಿನ ದಿನ ಬಂದು ಹೋಗಿದ್ದೆ.

ಉತ್ತರ ಬಂದದ್ದು ತಿಥಿ ಮುಗಿದ ಮೇಲೆ. ಅದನ್ನು ಜೇಬಿನಲ್ಲಿಟ್ಟುಕೊಂಡು, ಯಾರಿಗೆ ಹೇಳಬೇಕೆಂದು ತಿಳಿಯದೆ, ಮನಸ್ಸು ಎಳೆದ ಕಡೆಗೆ ಬಸ್ಸು ಹತ್ತಿದೆ. ಕೊನೆಗೆ ನಿಡಘಟ್ಟದಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ಕೂತಿದ್ದೆ. ಭಾಗ್ಯ ಮಜ್ಜಿಗೆ ತಂದಿಟ್ಟು, "ಅದೇನು ಮಾವ, ಕಾಗ್ದ?" ಎಂದಳು.

ಓದಿ ಕನ್ನಡದಲ್ಲಿ ಹೇಳಿದೆ. ಬರೆದವಳು ಚಹದ ಡೋರಿಸ್. ನಾನು ಹೊರಟ ಮೂರು ವಾರಕ್ಕೆ ಆರ್ಥರ್ ಹೋದನಂತೆ. ಅಲ್ಲಿಯವರೆಗೆ ಅವನ ಕಾಲನ್ನು ತಾನೇ ಸವರಿದಳಂತೆ, ಗಾಡಿಯ ಹಿಂದೆ ನಿಂತು ನೋಡಿ ಕಲಿತದ್ದರಲ್ಲಿ. ನಿನ್ನ ಕೈ ಆ ಕುಸ್ತಿಯವನಿಗಿಂತ ಒರಟು ಎಂದು ದಿನಾ ಬೈದನಂತೆ.

ಭಾಗ್ಯ ಕಂಬಕ್ಕೆ ಒರಗಿ ನಿಂತು ಕೇಳಿದಳು. ಆಮೇಲೆ ನೆಲ ನೋಡುತ್ತಾ ಹೇಳಿದಳು: "ನೀವ್ ಬಾರ್ದೆ ಇದ್ದ ದಿನ ನಾನೂ ಅತ್ತೆಗೆ ಅಮುಕ್ತಿದ್ದೆ ಮಾವ. ಬಾಗ್ಲು ಮರೇಲಿ ನಿಂತ್ಕಂಡು ನೋಡ್ಕಂಡಿದ್ದೆ."

ನಾನು ಲೋಟ ಕೆಳಗಿಟ್ಟೆ.

"ಒಂದ್ ಮಾತು ನನ್ಗೆ ಹೇಳ್ಬಾರ್ದಿತ್ತೇನಮ್ಮ?"

"ಅತ್ತೆ ಬ್ಯಾಡ ಅಂದ್ರು. 'ಅವುನ್ಗೆ ಯೋಳ್ಬ್ಯಾಡ ಕಣೆ. ನೀನು ಮಾಡ್ತಿ ಅಂತ ಗೊತ್ತಾದ್ರೆ ಅವ್ನು ಬರೋದ್ ಬುಟ್ಬುಟ್ಟಾನು' ಅಂದ್ರು."

ಒಳಗೆ ಕೂಸು ಎದ್ದು ಅತ್ತಿತು. ಅವಳು ಸೆರಗು ಸರಿಮಾಡಿಕೊಂಡು ಹೋದಳು. ಮದ್ದೂರಿನ ಬಸ್ಸು ಬಂದು ನಿಂತು, ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು. ನಾನು ಏಳಲಿಲ್ಲ.